ಕುದುರೆ ಬಿಡಿಸಿದ್ದು

ನನಗೆ ಬಿಡಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ನಿಮಗೂ ಅನುಕೂಲ, ನನಗೂ ಅನುಕೂಲ. ಚಿತ್ರ ಬಿಡಿಸಲು ಬಾರದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದರಲ್ಲೇನೂ ವಿಶೇಷವಿಲ್ಲ. ಆದರೆ ನಮ್ಮ ಕನ್ನಡದಲ್ಲಿ ಬಿಡಿಸುವ ಕೆಲಸಗಳು ಎಷ್ಟಿವೆಯೋ ಅವೆಲ್ಲದರಲ್ಲೂ ನಾನು ಒಂದೇ ಸಮನೆ ನಪಾಸು. ಲೆಕ್ಕ ಬಿಡಿಸು ಎಂದು ಮೇಷ್ಟ್ರು ಬೋರ್ಡಿನ ಹತ್ತಿರ ಕರೆದರೆ ಕೈಯಲ್ಲಿದ್ದ ಸೀಮೆಸುಣ್ಣ ಪುಡಿಯಾಗುವವರೆಗೆ ನಿಂತಿರುತ್ತಿದ್ದೆ. ಗಂಟು ಬಿಡಿಸಲು ಕೂತರೆ ಗಂಟು ಇನ್ನಷ್ಟು ಬಿಗಿಯಾಗುತ್ತಿತ್ತು. ಅವರೆಕಾಯಿ ಬಿಡಿಸಲು ಕೂರಿಸಿದರೆ ಕಾಳನ್ನು ಸಿಪ್ಪೆಯ ರಾಶಿಗೂ ಸಿಪ್ಪೆಯನ್ನು ಪಾತ್ರೆಗೂ ಹಾಕಿ ಬೈಸಿಕೊಳ್ಳುತ್ತಿದ್ದೆ. ಐರ್ಲೆಂಡಿಗೆ ಬಂದ ಹೊಸದರಲ್ಲಿ, ಬಿಡಿಸಿಟ್ಟ ಅವರೆಕಾಳೇ ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ ಸಿಗುತ್ತದೆಂದು ತಿಳಿದಾಗ, ಈ ದೇಶದಲ್ಲಿ ನಾನು ಹೇಗೋ ಬದುಕಿಕೊಳ್ಳಬಹುದು ಎಂಬ ಧೈರ್ಯ ಬಂದಿತ್ತು.

ನನ್ನ ಹೆಂಡತಿ ವಿಮಲಾ ಬಿಡಿಸುವುದರಲ್ಲಿ ಎತ್ತಿದ ಕೈ. ಮೈಸೂರಿನಲ್ಲಿ ಶಾಲೆಯೊಂದರ ಡ್ರಾಯಿಂಗ್ ಟೀಚರ್ ಆಗಿದ್ದವಳು. ಚಿನ್ನದ ರೇಕು ಅಂಟಿಸಿ, ಕೂದಲೆಳೆಯಂಥ ಕುಂಚದಿಂದ ದೇವರುಗಳನ್ನು ಬರೆಯುತ್ತಾರಲ್ಲ, ಆ ಮೈಸೂರು ಶೈಲಿಯನ್ನು ಗುರುಗಳ ಮನೆಯಲ್ಲಿ ನೆಲದ ಮೇಲೆ ಕೂತು ಕಲಿತವಳು. ನಾನೋ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಕಷ್ಟಪಟ್ಟು ಮಾಡಿದ ಕೆಲಸದಲ್ಲಿ ತಪ್ಪು ಹುಡುಕಿ ವರದಿ ಒಪ್ಪಿಸುವುದೇ ನನ್ನ ಹೊಟ್ಟೆಪಾಡು. ಅವಳು ಬರೆದ ಕೃಷ್ಣನನ್ನು ನೋಡಿ ನಾನು "ಬೆರಳು ಒಂದು ಜಾಸ್ತಿ ಇದ್ದಂಗಿದೆ" ಎನ್ನುವುದು, ಅವಳು "ಅದು ಕೊಳಲು ರೀ" ಎನ್ನುವುದು, ಹೀಗೆ ನಮ್ಮ ಸಂಸಾರ ಚೆನ್ನಾಗಿಯೇ ನಡೆದಿತ್ತು. ಹೋದ ವರ್ಷ ಅವಳು ತೀರಿಕೊಂಡಳು. ಕಾಯಿಲೆ ಬಂದದ್ದು ಬಹಳ ತಡವಾಗಿ ತಿಳಿಯಿತು, ಉಳಿಯುವುದಿಲ್ಲ ಎನ್ನುವುದು ಬಹಳ ಬೇಗ ತಿಳಿಯಿತು. ಅವಳು ಬಿಟ್ಟುಹೋದ ಸಾಮಾನುಗಳಲ್ಲಿ ಒಂದು ಕುದುರೆ ಇತ್ತು. ನಾನು ಹೇಳಹೊರಟಿರುವುದು ಆ ಕುದುರೆಯ ವಿಷಯ.

ಕುದುರೆ ನಮ್ಮದಲ್ಲ, ಪಕ್ಕದ ಮನೆಯ ಮೋರಾ ಅವರದು. ಡಬ್ಲಿನ್ನಿನ ಅಂಚಿನ ಕ್ಲಾಂಡಾಲ್ಕಿನ್ನಿನಲ್ಲಿ ಅವರದೂ ನಮ್ಮದೂ ಒಂದೇ ಗೋಡೆ ಹಂಚಿಕೊಂಡ ಮನೆಗಳು. ಅವರು ಟೀಗೆ ನೀರಿಟ್ಟರೆ ನಮಗೆ ಕೇಳಿಸುತ್ತದೆ, ನಾವು ಒಗ್ಗರಣೆ ಹಾಕಿದರೆ ಅವರು ಸೀನುತ್ತಾರೆ. ಎಪ್ಪತ್ತು ದಾಟಿದವರು, ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ಅವರ ಹೆಸರು ಕೇಳಿದ ನನ್ನ ಅತ್ತೆ ಮೈಸೂರಿನಿಂದ ಫೋನಿನಲ್ಲಿ, "ಮೋರೆ ಅಂತ ಯಾರಾದ್ರೂ ಹೆಸರಿಡ್ತಾರೇನಪ್ಪ?" ಎಂದು ಆಶ್ಚರ್ಯಪಟ್ಟಿದ್ದರು. ಮೋರಾ ತಮ್ಮ ಪಾಲಿಗೆ ವಿಮಲಾಳ ಹೆಸರನ್ನು ಮೊಟಕು ಮಾಡಿ 'ವಿಮ್' ಎಂದು ಕರೆಯತೊಡಗಿದರು. ಪಾತ್ರೆ ತೊಳೆಯುವ ಸೋಪಿನ ಹೆಸರು ತನಗೆ ಬಂತಲ್ಲ ಎಂದು ಅವಳು ಅವತ್ತು ಮಲಗುವವರೆಗೂ ನಗುತ್ತಲೇ ಇದ್ದಳು.

ಶನಿವಾರ ಶನಿವಾರ ಇಬ್ಬರೂ ನಮ್ಮ ಅಡುಗೆಮನೆಯಲ್ಲಿ ಕೂತು ಮಾತಾಡುತ್ತಿದ್ದರು. ಮಾತೆಲ್ಲ ಬಿಡ್ಡಿಯದು. ಬಿಡ್ಡಿ ಎಂದರೆ ಮೋರಾ ಹುಟ್ಟಿ ಬೆಳೆದ ಹಳ್ಳಿಯ ಮನೆಯಲ್ಲಿದ್ದ ಹೆಣ್ಣು ಕುದುರೆ. ನಾನು ಹಾಲ್‌ನಲ್ಲಿ ಕ್ರಿಕೆಟ್ ನೋಡುತ್ತಾ ಅರ್ಧಂಬರ್ಧ ಕೇಳಿಸಿಕೊಂಡದ್ದನ್ನು, ನನಗೆ ಅರ್ಥವಾದಷ್ಟು ಕನ್ನಡದಲ್ಲಿ ಹೇಳುತ್ತೇನೆ. ಕುದುರೆಗಳಲ್ಲಿ ಬಿಸಿ ರಕ್ತದವು, ತಣ್ಣನೆ ರಕ್ತದವು, ಬೆಚ್ಚನೆ ರಕ್ತದವು ಎಂದು ಮೂರು ಬಗೆಯಂತೆ. ನಾನು ಸೋಫಾದಿಂದಲೇ "ಥರ್ಮಾಮೀಟರ್ ಎಲ್ಲಿಡ್ತಾರೆ?" ಎಂದು ಕೂಗಿ ಕೇಳಿದೆ. "ಬಾಲ ಎತ್ತಿ ಇಡ್ತೀವಿ, ಆದರೆ ವಿಷಯ ಅದಲ್ಲ" ಎಂದರು ಮೋರಾ. ಬಿಸಿ ಎಂದರೆ ರೇಸಿನ ಕುದುರೆ, ಎಲೆ ಅಲುಗಿದರೂ ಬೆಚ್ಚುವ ಜಾತಿ. ತಣ್ಣನೆಯದು ಭಾರೀ ಬಂಡಿ ಎಳೆಯುವ ಕುದುರೆ, ಆಕಾಶ ಬಿದ್ದರೂ ಹುಲ್ಲು ಮೇಯುವ ಜಾತಿ. ಇಲ್ಲಿನ ಬಡ ರೈತನಿಗೆ ಕೆಲಸಕ್ಕೊಂದು ಕುದುರೆ ಸಾಕುವ ಯೋಗ್ಯತೆ ಎಲ್ಲಿ ಬರಬೇಕು? ಹಾಗಾಗಿ ಒಂದೇ ಹೆಣ್ಣು ಕುದುರೆ ವಾರವೆಲ್ಲ ನೇಗಿಲು ಎಳೆದು, ಭಾನುವಾರ ಮನೆಮಂದಿಯನ್ನು ಗಾಡಿಯಲ್ಲಿ ಚರ್ಚಿಗೆ ಕರೆದೊಯ್ದು, ಚಳಿಗಾಲದಲ್ಲಿ ನರಿಬೇಟೆಯವರನ್ನು ಹೊತ್ತು ಹಳ್ಳ ಬೇಲಿ ಹಾರಬೇಕಿತ್ತು. ಇಂಥ ಮನೆವಾಳ್ತೆಯ ತಾಯಿಗೂ ರೇಸಿನ ಗಂಡಿಗೂ ಹುಟ್ಟಿದ್ದು ಬೆಚ್ಚನೆ ರಕ್ತದ ಮರಿ. ಅಪ್ಪನ ಓಟ, ಅಮ್ಮನ ಮೂಳೆ, ಅಮ್ಮನ ಬುದ್ಧಿ. ಇವತ್ತು ಜಗತ್ತಿನ ಮೈದಾನಗಳಲ್ಲಿ ಎತ್ತರದ ಅಡ್ಡಗೋಲು ಹಾರಿ ಹೆಸರು ಮಾಡುವ ಐರಿಶ್ ಕುದುರೆಗಳೆಲ್ಲ ಆ ಮರಿಗಳ ಸಂತಾನವಂತೆ. ನಡುವೆ ಯುದ್ಧಗಳು ಬಂದು ಸೈನ್ಯದವರು ಹಿಂಡುಗಟ್ಟಲೆ ಕೊಂಡೊಯ್ದರು, ಅವು ತಿರುಗಿ ಬರಲಿಲ್ಲ. ಆಮೇಲೆ ಟ್ರ್ಯಾಕ್ಟರ್ ಬಂತು. "ಬಿಡ್ಡಿಯ ಓರಗೆಯವರೆಲ್ಲ ಹಡಗು ಹತ್ತಿ ಕಟುಕರ ಕಡೆಗೆ ಹೋದರು. ನಮ್ಮಪ್ಪ ಇವಳನ್ನು ಮಾತ್ರ ಬಿಟ್ಟುಕೊಡಲಿಲ್ಲ" ಎಂದರು ಮೋರಾ. ನಾನು ಟೀವಿಯ ಧ್ವನಿ ಕಡಿಮೆ ಮಾಡಿದೆ.

ಒಂದು ಸಲ ಮೂವರೂ ಡಬ್ಲಿನ್ನಿನ ಚಿತ್ರಶಾಲೆಗೆ ಹೋಗಿದ್ದೆವು. ಒಳಗೆ ಹೋಗಲು ಕಾಸು ಕೊಡಬೇಕಿಲ್ಲ ಎಂದ ಮೇಲೆ ನಾನು ಹೊರಟೆ. ದೊಡ್ಡ ದೊಡ್ಡ ಜಮೀನುದಾರರು ಬರೆಸಿದ ಎಣ್ಣೆಬಣ್ಣದ ಕುದುರೆಗಳು ಗೋಡೆ ತುಂಬ ಇದ್ದವು. ನಿಂಬೆಹಣ್ಣಿನಷ್ಟು ತಲೆ, ಹಂಡೆಯಷ್ಟು ಮೈ. ಓಡುವ ಕುದುರೆಯಾದರೆ ಮುಂಗಾಲೆರಡು ಮುಂದಕ್ಕೆ, ಹಿಂಗಾಲೆರಡು ಹಿಂದಕ್ಕೆ, ಹೊಟ್ಟೆ ನೆಲಕ್ಕೆ. ಕ್ಯಾಮೆರಾ ಬರುವ ತನಕ ಕುದುರೆ ಓಡುವುದು ಹಾಗೆಯೇ ಎಂದು ಕಲಾವಿದರೆಲ್ಲ ನಂಬಿದ್ದರಂತೆ. ವಿಮಲಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ನಮ್ಮ ದಸರಾ ಚಿತ್ರದಲ್ಲಿ ಎರಡೂ ಮುಂಗಾಲು ಎತ್ತಿ ನಿಲ್ಲಿಸ್ತೀವಿ, ಇವ್ರು ಮಲಗಿಸಿ ಓಡಿಸ್ತಾರೆ, ಅಷ್ಟೇ ವ್ಯತ್ಯಾಸ ರೀ" ಎಂದಳು. ಮೋರಾ ನಗಲಿಲ್ಲ. ಅವರು ಒಂದೊಂದು ಚಿತ್ರದ ಮೂಲೆಯನ್ನೂ ಹುಡುಕುತ್ತಿದ್ದರು. ಕೊನೆಗೊಂದು ಕಡೆ ನಿಂತರು. ಮಿರುಗುವ ಮರಿಯೊಂದು ನಡುವೆ ನಿಂತಿತ್ತು, ಅದರ ಹಿಂದೆ ಅಂಚಿನಲ್ಲಿ ಕಂದು ಬಣ್ಣದ ದಪ್ಪ ಹಿಂಭಾಗವೊಂದು ಕಾಣುತ್ತಿತ್ತು. ಉಳಿದ ಮೈಯನ್ನು ಚೌಕಟ್ಟು ತಿಂದುಹಾಕಿತ್ತು. "ಮಗನನ್ನು ಬರೆದಿದ್ದಾರೆ, ಅಮ್ಮನ ಬಾಲ ಬರೆದಿದ್ದಾರೆ" ಎಂದರು ಮೋರಾ. ಬಿಡ್ಡಿಯ ಮಗ ಹೊರದೇಶಕ್ಕೆ ಹೋಗಿ ಬಹುಮಾನ ಗೆದ್ದಿದ್ದನಂತೆ, ಅವನ ಫೋಟೋಗಳು ಬೇಕಾದಷ್ಟಿವೆ. ಬಿಡ್ಡಿಯದು ಒಂದೂ ಇಲ್ಲ. ವಿಮಲಾ ಅವರ ಕೈ ಹಿಡಿದುಕೊಂಡಳು. ಕನ್ನಡದಲ್ಲೇ ಹೇಳಿದಳು, "ನಾನು ಬಿಡಿಸ್ಕೊಡ್ತೀನಿ ಬಿಡಿ." ಮೋರಾ ಅವರಿಗೆ ಅದು ಹೇಗೆ ಅರ್ಥವಾಯಿತೋ, ತಲೆಯಾಡಿಸಿದರು.

ಹಾಗೆ ಶುರುವಾದದ್ದು ಬಿಡ್ಡಿಯ ಚಿತ್ರ. ಒಂದೇ ಹಲಗೆಯಲ್ಲಿ ಮೂರು ಅಂಕಣ. ಎಡಕ್ಕೆ ನೇಗಿಲು ಎಳೆಯುತ್ತಿರುವ ಕುದುರೆಗಳು, ಬಲಕ್ಕೆ ಗೋಡೆ ಹಾರುತ್ತಿರುವ ಮಗ, ಅವನ ಅಪ್ಪನಾದ ರೇಸಿನ ಕುದುರೆಗೆ ಜಾಗ ಸಾಲದೆ ಕಿಟಕಿಯಿಂದ ಇಣುಕುವ ತಲೆ ಮಾತ್ರ. ನಡುವೆ ದೊಡ್ಡದಾಗಿ, ಪಕ್ಕಕ್ಕೆ ತಿರುಗಿ ನಿಂತ ಬಿಡ್ಡಿ. ಅವಳ ಉಳುಮೆಯ ಕೊರಳಪಟ್ಟಿಗೆ ಚಿನ್ನದ ರೇಕು, ಹಣೆಗೆ ದಸರೆಯ ಪಟ್ಟದ ಕುದುರೆಯ ಹಾಗೆ ಪದಕ, ಮೇಲೆ ನಮ್ಮ ಶೈಲಿಯ ಸುರುಳಿ ಮೋಡಗಳಿಂದ ಸುರಿಯುವ ಐರ್ಲೆಂಡಿನ ಜಿನುಗು ಮಳೆ. ಪೂರ್ತಿಯಾಗುವವರೆಗೆ ಮೋರಾ ಅವರಿಗೂ ತೋರಿಸುವಂತಿಲ್ಲ, ಕಣ್ಣು ಬೀಳುತ್ತದೆಂದು. ಕೆಲಸವಾದ ಮೇಲೆ ಹಲಗೆಯನ್ನು ಹಳೇ ಸೀರೆಯಲ್ಲಿ ಸುತ್ತಿ, ಬಾಗಿಲು ತೆಗೆದಾಗ ನುಗ್ಗುವ ಗಾಳಿಗೆ ಬೀಳದಂತೆ, ಹರಿದ ಸೀರೆಯಂಚಿನಿಂದ ಮೆಟ್ಟಿಲ ಕಂಬಕ್ಕೆ ಕಟ್ಟುತ್ತಿದ್ದಳು. "ಕುದುರೆ ಕಟ್ಟಿದೀನಿ, ಹುಷಾರು" ಎಂದು ಸಂಜೆ ಕೂಗುವುದು, "ಕುದುರೆ ಬಿಡಿಸ್ಕೊಂಡೆ" ಎಂದು ಬೆಳಿಗ್ಗೆ ಕೂಗುವುದು. ಗಾಲ್ವೇಯಲ್ಲಿ ಓದುತ್ತಿರುವ ನಮ್ಮ ಮಗಳು ಅಂಜಲಿ ರಜೆಗೆ ಬಂದಾಗ, "ಅಮ್ಮಾ, ಯು ಆರ್ ಗಾನ್ ಮ್ಯಾಡ್" ಎಂದು ಅಪ್ಪಟ ಐರಿಶ್ ರಾಗದಲ್ಲಿ ಹೇಳಿ ಅಪ್ಪಿಕೊಂಡಿದ್ದಳು.

ಆಸ್ಪತ್ರೆಯಲ್ಲಿ ವಿಮಲಾ ಕೊನೆಕೊನೆಗೆ ಹೆಚ್ಚು ಮಾತಾಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಾಸ್ಕ್ ಸರಿಸಿ, "ರೀ, ಕುದುರೆ ಬಿಡಿಸಿ ಮೋರಾಗೆ ಕೊಟ್ಬಿಡಿ" ಎಂದಳು. "ನಾನಾ?" ಎಂದೆ. "ಇನ್ಯಾರು?" ಎಂದು ನಕ್ಕಳು. ಹೂಂ ಎಂದೆ. ಆ ಸ್ಥಿತಿಯಲ್ಲಿ ಅವಳು ಎವರೆಸ್ಟ್ ಹತ್ತಿ ಬನ್ನಿ ಎಂದಿದ್ದರೂ ಹೂಂ ಎನ್ನುತ್ತಿದ್ದೆ.

ಅವಳು ಹೋದ ದಿನ ಮೋರಾ ಮೊಟ್ಟೆ ಹಾಕದ ಕೇಕ್ ಮಾಡಿಕೊಂಡು ಬಂದು ಬಾಗಿಲಲ್ಲಿ ನಿಂತು, "ನಿನಗೆ ಬಂದ ತೊಂದರೆಗೆ ಸಾರಿ" ಎಂದರು. ಸಾವಿನ ಮನೆಯಲ್ಲಿ ಇಲ್ಲಿನವರೆಲ್ಲ ಹೇಳುವ ಮಾತೇ ಅದು ಎಂದು ನನಗೆ ಗೊತ್ತಿರಲಿಲ್ಲ. ಕೇಕ್ ತಂದದ್ದಕ್ಕೆ ಹೇಳುತ್ತಿದ್ದಾರೆಂದುಕೊಂಡು, "ತೊಂದರೆ ಏನೂ ಇಲ್ಲ, ಏನೂ ಇಲ್ಲ" ಎಂದುಬಿಟ್ಟೆ. ಸಾಲಾಗಿ ಬಂದ ನೆರೆಹೊರೆಯವರೆಲ್ಲರಿಗೂ ಅದನ್ನೇ ಹೇಳಿದೆ. ಹೆಂಡತಿ ಸತ್ತರೆ ಈ ಮನುಷ್ಯನಿಗೆ ತೊಂದರೆಯೇ ಇಲ್ಲವಲ್ಲ ಎಂದು ಅವರು ಏನಂದುಕೊಂಡರೋ. ಮೋರಾ ಮಾತ್ರ ಏನೂ ಅಂದುಕೊಳ್ಳದೆ ಒಳಗೆ ಬಂದು ಸಿಂಕಿನಲ್ಲಿದ್ದ ಪಾತ್ರೆ ತೊಳೆದರು.

ಕರ್ಮಗಳೆಲ್ಲ ಮುಗಿದ ಮೇಲೆ ಕುದುರೆಯನ್ನು ತೆಗೆದು ನೋಡಿದೆ. ವಿಮಲಾ ಬಿಗಿದಿದ್ದ ಗಂಟು ನನ್ನ ಕೈಗೆ ಬಗ್ಗಲಿಲ್ಲ, ಹಲಗೆಯನ್ನೇ ಮೇಲಕ್ಕೆ ಜಾರಿಸಿ ಹೊರಗೆಳೆದೆ. ಸೀರೆ ಬಿಚ್ಚಿದೊಡನೆ ನನ್ನ ವೃತ್ತಿಬುದ್ಧಿ ತಪ್ಪನ್ನು ಹಿಡಿಯಿತು. ಮಗನಿಗೆ ಕಣ್ಣಿದೆ, ಕಿಟಕಿಯ ಅಪ್ಪನಿಗೆ ಕಣ್ಣಿದೆ, ನೇಗಿಲಿನ ಕುದುರೆಗಳಿಗೂ ಇದೆ. ನಡುವಿನ ಬಿಡ್ಡಿಗೆ ಇಲ್ಲ. ಕಣ್ಣಿರಬೇಕಾದ ಕಡೆ ಒಂದು ಸಣ್ಣ ಕಂದು ಗೆರೆ ಮಾತ್ರ. ಮೈಸೂರು ಶೈಲಿಯಲ್ಲಿ ಕಣ್ಣನ್ನು ಎಲ್ಲಕ್ಕಿಂತ ಕೊನೆಗೆ ಬಿಡಿಸುವುದು ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ಬಿಡಿಸಿ ಕೊಟ್ಬಿಡಿ ಎಂದದ್ದು ಇದನ್ನೇ ಎಂದು ತಿಳಿದು, ಆ ಕಂಬದ ಪಕ್ಕದಲ್ಲೇ ಕೂತು ಅತ್ತೆ. ದುಃಖಕ್ಕೆ ಎಷ್ಟು ಅತ್ತೆನೋ ಹೆದರಿಕೆಗೆ ಅಷ್ಟೇ ಅತ್ತಿರಬೇಕು.

ಅಂದಿನಿಂದ ನನ್ನ ಕಣ್ಣಿನ ಸಾಧನೆ ಶುರುವಾಯಿತು. ಸಮುದಾಯ ಭವನದ ಸಂಜೆಯ ಡ್ರಾಯಿಂಗ್ ತರಗತಿಗೆ ಸೇರಿದೆ. ಅಲ್ಲಿನ ಹುಡುಗಿ ಮೊದಲು ಸೇಬುಹಣ್ಣು ಬರೆಯಬೇಕೆಂದಳು. ನಂತರ ಹೂಜಿ. ನನಗೆ ಬರೀ ಒಂದು ಕಣ್ಣು ಸಾಕು, ಅದೂ ಕುದುರೆಯದು ಎಂದರೆ ವಿಚಿತ್ರವಾಗಿ ನೋಡಿದಳು. ಆಫೀಸಿನ ಮೀಟಿಂಗುಗಳಲ್ಲಿ ಕಾಗದದಂಚಿಗೆಲ್ಲ ಕಣ್ಣು ಬರೆದೆ. ಅಂಜಲಿ ಒಂದನ್ನು ಎತ್ತಿ ನೋಡಿ, "ಅಪ್ಪಾ, ದಟ್ಸ್ ಅ ಫಿಶ್" ಎಂದಳು. ಮಾದರಿಗೆ ಕುದುರೆ ಸಿಗದೆ ಬಚ್ಚಲಮನೆಯ ಕನ್ನಡಿಯಲ್ಲಿ ನನ್ನ ಕಣ್ಣನ್ನೇ ನೋಡಿಕೊಂಡು ಬರೆದೆ. ನನ್ನ ಎಡಗಣ್ಣು ತುಸು ಮೆಳ್ಳೆ. "ಒಂದು ಕಣ್ಣು ನನ್ನ ಮೇಲೆ, ಒಂದು ಕಣ್ಣು ಟೀವಿ ಮೇಲೆ" ಎಂದು ವಿಮಲಾ ರೇಗಿಸುತ್ತಿದ್ದಳು. ಸಹೋದ್ಯೋಗಿ ನಾಗರಾಜ ಮನೆಗೆ ಬಂದವನು, "ಕಣ್ಣಿಲ್ಲದ ಕುದುರೆ ಮನೇಲಿ ಇಟ್ಕೋಬಾರ್ದು ಕಣೋ. ಅದೂ ಬಾಗಿಲ ಕಡೆ ಮುಖ ಮಾಡೈತೆ. ನಾನು ಕೊಟ್ಟ ಏಳು ಕುದುರೆ ಪಟ ಎಲ್ಲಿ?" ಎಂದು ವಾಸ್ತು ಹೇಳಿಹೋದ. ನಿಜ ಹೇಳಬೇಕೆಂದರೆ ನನಗೆ ಅವಸರವಿರಲಿಲ್ಲ. ಕಣ್ಣು ಕಲಿಯುವ ತನಕ ಕುದುರೆ ನಮ್ಮ ಮನೆಯಲ್ಲೇ ಇರುತ್ತದೆ. ಅದು ಇರುವ ತನಕ ವಿಮಲಾಳ ಕೆಲಸ ಮುಗಿದಿಲ್ಲ. ಮುಗಿಯದ ಕೆಲಸ ಬಿಟ್ಟು ಅವಳು ಎಲ್ಲಿಗೂ ಹೋದವಳಲ್ಲ. ಮೋರಾ ಕೂಡ ಕೇಳಲಿಲ್ಲ. ಬೇಲಿಯಾಚೆಯಿಂದ "ಅವಸರವೇನಿಲ್ಲ" ಎನ್ನುತ್ತಿದ್ದರು, ಯಾವುದಕ್ಕೆ ಎಂದು ಹೇಳದೆ.

ಈ ಬೇಸಿಗೆಯಲ್ಲಿ ಅವರ ಮನೆಯ ಮುಂದೆ ಮಾರಾಟದ ಬೋರ್ಡು ಬಂತು. ಮೆಟ್ಟಿಲು ಹತ್ತಲಾಗುವುದಿಲ್ಲ, ಡ್ರೋಹೆಡಾದ ತಂಗಿಯ ಮನೆಗೆ ಹೋಗುತ್ತೇನೆ, ಆಸ್ಪತ್ರೆಯೂ ಹತ್ತಿರ ಎಂದರು. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಅವರು ಹೊರಡುವ ಹಿಂದಿನ ದಿನ ರಜೆ ಹಾಕಿ, ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ವಿಮಲಾಳ ಅತಿ ಸಣ್ಣ ಕುಂಚವನ್ನು ಅವಳದೇ ಕಪ್ಪಿನಲ್ಲಿ ಅದ್ದಿದೆ. ಕೈ ನಡುಗದಿರಲೆಂದು ಮೊಣಕೈಯನ್ನು ಡಿಕ್ಷನರಿಯ ಮೇಲಿಟ್ಟುಕೊಂಡೆ. ಕಂದು ಗೆರೆಯ ಮೇಲೆ ಗುಂಡಗೆ ಒಂದು ಕಣ್ಣು, ಒಳಗೆ ಬಿಳಿಯ ಚುಕ್ಕಿ. ನನ್ನ ಜನ್ಮದಲ್ಲಿ ನಾನು ಬಿಡಿಸಿದ ಒಂದೇ ಒಂದು ನೆಟ್ಟಗಿನ ಚಿತ್ರ ಅದು. "ನೋಡು, ಮುಗಿಸಿದೆ" ಎಂದು ಗಟ್ಟಿಯಾಗಿಯೇ ಹೇಳಿದೆ.

ಮರುದಿನ ಅಂಜಲಿಯೂ ನಾನೂ ಹಲಗೆ ಹಿಡಿದುಕೊಂಡು ಹೋದೆವು. ಮೋರಾ ಅವರ ಹಾಲ್ ತುಂಬ ರಟ್ಟಿನ ಪೆಟ್ಟಿಗೆಗಳು, ಕೂರಲು ಕುರ್ಚಿಯೂ ಉಳಿದಿರಲಿಲ್ಲ. ಪೆಟ್ಟಿಗೆಯೊಂದರ ಮೇಲೆ ಕೂತು, ಕನ್ನಡಕ ಒರೆಸಿ ಹಾಕಿಕೊಂಡು ನೋಡಿದರು. ಚಿನ್ನದ ಕೊರಳಪಟ್ಟಿಯನ್ನು ಮುಟ್ಟದೆ ಬೆರಳಾಡಿಸಿದರು. ಗೊರಸಿನ ಮೇಲಿನ ಕೂದಲು ನೋಡಿ "ಅವಳೇ" ಎಂದರು. ಆಮೇಲೆ ಮುಖದ ಹತ್ತಿರ ಬಂದ ಬೆರಳು ಅಲ್ಲೇ ನಿಂತಿತು.

"ಕಣ್ಣು ವಿಮ್ ಬರೆದದ್ದಾ?" ಎಂದರು.

"ಅಲ್ಲ, ನಾನು" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. "ಅವಳು ಬಿಟ್ಟುಹೋಗಿದ್ದಳು."

"ಬಿಟ್ಟಿರಲಿಲ್ಲ ಮಗನೇ. ಬಿಡ್ಡಿಗೆ ಆ ಕಡೆಯ ಕಣ್ಣು ಕುರುಡು. ಮುಚ್ಚಿಯೇ ಇರುತ್ತಿತ್ತು. ಒಳ್ಳೆಯ ಕಡೆಯಿಂದ ಬರೀತೀಯಾ ಅಂತ ಕೇಳಿದೆ. ಬೇಡ, ಇವಳು ಇದ್ದ ಹಾಗೇ ಇರಲಿ ಅಂದಳು ವಿಮ್."

ಆ ಕಂದು ಗೆರೆ ಮುಚ್ಚಿದ ರೆಪ್ಪೆ. ಚಿತ್ರ ಎಂದೋ ಮುಗಿದಿತ್ತು. ನಾನು ಮಾತ್ರ ಅಡುಗೆಮನೆಯ ಮಾತನ್ನು ಪೂರ್ತಿ ಕೇಳಿಸಿಕೊಂಡಿರಲಿಲ್ಲ. ಅಂಜಲಿ ನನ್ನ ಕೈ ಹಿಡಿದಳು. ಈ ನೆಲ ಬಾಯ್ಬಿಟ್ಟರೆ ರಟ್ಟಿನ ಪೆಟ್ಟಿಗೆಗಳ ಸಮೇತ ಒಳಗೆ ಹೋಗೋಣ ಎನ್ನಿಸಿತು. "ಒರೆಸಿಬಿಡ್ತೀನಿ, ಒದ್ದೆ ಬಟ್ಟೆ ಕೊಡಿ" ಎಂದು ತೊದಲಿದೆ. ಒರೆಸಿದರೆ ವಿಮಲಾಳ ಗೆರೆಯೂ ಹೋಗುತ್ತದೆ ಎನ್ನುವುದು ಹೇಳುತ್ತಿರುವಾಗಲೇ ಹೊಳೆಯಿತು.

ಮೋರಾ ಹಲಗೆಯನ್ನು ಎದೆಗವಚಿಕೊಂಡರು. "ಮುಟ್ಟಬೇಡ ಅವಳನ್ನ" ಎಂದರು. "ಆ ಕಡೆಯಿಂದ ಹತ್ತಿರ ಹೋಗುವಾಗ ನಾವು ಮಾತಾಡಿಕೊಂಡೇ ಹೋಗಬೇಕಿತ್ತು. ಇಲ್ಲದಿದ್ದರೆ ಪಾಪ ಬೆಚ್ಚಿಬೀಳುತ್ತಿದ್ದಳು. ಅಪ್ಪ ಹಾಡಿಕೊಂಡು ಹೋಗೋರು, ನಾನು ಸ್ಕೂಲಿನ ಮಗ್ಗಿ ಹೇಳಿಕೊಂಡು ಹೋಗ್ತಿದ್ದೆ. ಈಗ ನೋಡು, ನಾನು ಬರೋದು ಅವಳಿಗೆ ಕಾಣಿಸ್ತಾ ಇದೆ." ಅವರು ಅಳುತ್ತಿದ್ದರು, ನಗುತ್ತಲೂ ಇದ್ದರು. ನನ್ನನ್ನು ನೋಡಿ, ಚಿತ್ರವನ್ನು ನೋಡಿ, ಮತ್ತೆ ನನ್ನನ್ನು ನೋಡಿದರು. "ಸ್ವಲ್ಪ ಮೆಳ್ಳೆಗಣ್ಣು. ಪರವಾಗಿಲ್ಲ, ಗ್ರ್ಯಾಂಡ್."

ಅವರನ್ನು ಕಾರು ಹತ್ತಿಸಿ ಮನೆಗೆ ಬಂದು ಬಾಗಿಲು ತೆಗೆದೆ. ಗಾಳಿ ಎಂದಿನಂತೆ ನುಗ್ಗಿತು. ಮೆಟ್ಟಿಲ ಕಂಬದಲ್ಲಿ ಸೀರೆಯಂಚಿನ ಪಟ್ಟಿ ಹಾಗೆಯೇ ಕಟ್ಟಿಕೊಂಡಿತ್ತು, ಅದರ ಖಾಲಿ ತುದಿ ಗಾಳಿಗೆ ಆಡಿತು. ಕುದುರೆ ಬಿಡಿಸಿ ಮೋರಾಗೆ ಕೊಟ್ಬಿಡಿ. ಅವಳು ನನಗೆ ಚಿತ್ರ ಬಿಡಿಸಲು ಹೇಳಿದ್ದಲ್ಲ. ಇಷ್ಟು ವರ್ಷ ಸಂಸಾರ ಮಾಡಿದವಳು ಅಂಥ ತಪ್ಪು ಮಾಡುತ್ತಾಳೆಯೇ? ಕಟ್ಟಿದ್ದನ್ನು ಬಿಚ್ಚಿ ಕೊಡಿ ಎಂದಿದ್ದಳು, ನನ್ನ ಕೈಲಾಗಬಹುದು ಎಂದುಕೊಂಡಿದ್ದ ಒಂದೇ ಬಿಡಿಸುವ ಕೆಲಸ.

ಮೋರಾ ಡ್ರೋಹೆಡಾದಿಂದ ಆಗಾಗ ಫೋನ್ ಮಾಡುತ್ತಾರೆ. ಬಿಡ್ಡಿ ಚೆನ್ನಾಗಿದ್ದಾಳೆ, ಒಂದು ಕಣ್ಣು ತಮ್ಮ ಮೇಲೆ, ಒಂದು ಕಣ್ಣು ಟೀವಿಯ ಮೇಲೆ ಇಟ್ಟಿದ್ದಾಳೆ ಎನ್ನುತ್ತಾರೆ. ಇಲ್ಲಿ ನಾನು ಸಂಜೆ ಆಫೀಸಿನಿಂದ ಬಂದು ಮನೆಯೊಳಗೆ ಕಾಲಿಡುವಾಗ ಮಾತಾಡಿಕೊಂಡೇ ಬರುತ್ತೇನೆ. ಬಸ್ಸು ಲೇಟು, ಮಳೆ ಜೋರು, ಅಂಜಲಿ ಫೋನ್ ಮಾಡಿದ್ದಳು, ಹೀಗೆ. ನನಗೆ ಕಾಣದ ಕಡೆಯಲ್ಲಿ ಯಾರಾದರೂ ಇದ್ದು ಬೆಚ್ಚಿಬೀಳಬಾರದಲ್ಲ. ಕಂಬದಲ್ಲಿ ಅವಳು ಹಾಕಿದ ಗಂಟು ಇನ್ನೂ ಇದೆ. ಅದನ್ನು ಬಿಡಿಸಿಬಿಡು ಎಂದು ನಾಗರಾಜನೂ ಹೇಳುತ್ತಾನೆ, ಮಗಳೂ ಹೇಳುತ್ತಾಳೆ. ನನಗೆ ಬಿಡಿಸಲು ಬರುವುದಿಲ್ಲ ಎಂದು ಮೊದಲೇ ಹೇಳಿದೆನಲ್ಲ.